ಅಳಿಸಿದ್ದು ಹೆಸರು, ನಂಬರಲ್ಲ

ಕೊಂಡಾಪುರದಲ್ಲಿ ದಿನಕ್ಕೊಂದು ಕಟ್ಟಡ ಏಳುತ್ತಿದ್ದ ಕಾಲ. ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಗೋಡೆಗಳ ಹಿಂದೆ, ತಗಡಿನ ಶೆಡ್ಡುಗಳಲ್ಲಿ, ಯಾದಗಿರಿ, ರಾಯಚೂರು ಕಡೆಯ ಕೂಲಿಗಳು ಇರುತ್ತಿದ್ದರು. ಗದಿಗೆಮ್ಮನ ಗಂಡ ಮೌನಪ್ಪ ಅವರಲ್ಲೊಬ್ಬ. ಒಂದು ಭಾನುವಾರ, ರಜೆಯ ದಿನ, ಮೇಸ್ತ್ರಿ ಸಂಗಣ್ಣ ಬೆಳಿಗ್ಗೆಯೇ ಫೋನು ಮಾಡಿ ಅವನನ್ನು ಕೆಲಸಕ್ಕೆ ಕರೆಸಿಕೊಂಡ. ಮಧ್ಯಾಹ್ನದೊಳಗೆ, ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರವೆಯ ಕಟ್ಟಿಗೆ ಮುರಿದು ಮೌನಪ್ಪ ಮೇಲಿನ ಮಹಡಿಯಿಂದ ಬಿದ್ದ. ತೊಡೆಯ ಎಲುಬು ಮುರಿಯಿತು.

ಮರುದಿನ ಸಂಗಣ್ಣ ಆಸ್ಪತ್ರೆಗೆ ಬಂದ. ಕೈಯಲ್ಲಿ ಬಾಳೆಹಣ್ಣು.

"ತಂಗಿ, ನನ್ನ ಫೋನಿನ್ಯಾಗ ಬ್ಯಾಲೆನ್ಸ್ ಇಲ್ಲ. ಮಾಲಕರಿಗೆ ಒಂದು ಮಾತು ಹೇಳಬೇಕು. ಮೌನಪ್ಪನ ಫೋನು ಕೊಡು."

ಊರ ಕಡೆಯವನು, ಅಣ್ಣನಂಥವನು ಎಂದು ಗದಿಗೆಮ್ಮ ಕೊಟ್ಟಳು. ಅವನು ವರಾಂಡಕ್ಕೆ ಹೋಗಿ, ತುಸು ಹೊತ್ತಿಗೆ ತಂದುಕೊಟ್ಟು ಹೊರಟುಹೋದ.

ಸಂಜೆ ಮಾಲೀಕರ ಕಡೆಯವರು ಬಂದಾಗ ಮಾತೇ ಬೇರೆಯಾಗಿತ್ತು. ರಜಾ ದಿನ ಯಾರನ್ನೂ ಕರೆದಿಲ್ಲ, ಇವನೇ ಹೋಗಿ ಹತ್ತಿ ಬಿದ್ದಿದ್ದಾನೆ, ಸಂಗಣ್ಣನೂ ಹಾಗೇ ಹೇಳುತ್ತಾನೆ ಎಂದರು. ಹಾಸಿಗೆಯಲ್ಲಿದ್ದ ಮೌನಪ್ಪ "ಸಂಗಣ್ಣನೇ ನನ್ನ ಕರದಾನ್ರಿ" ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ.

ಮೈದುನ ಹುಲಗೇಶ ಫೋನು ತೆಗೆದು ನೋಡಿದ. ಹೆಸರಿನ ಪಟ್ಟಿಯಲ್ಲಿ ಸಂಗಣ್ಣನ ಹೆಸರೇ ಇರಲಿಲ್ಲ.

"ಅಳಿಸ್ಯಾನ ವೈನಿ! ಹೆಸರ ಹೋದ ಮ್ಯಾಲ ಇನ್ನೇನ ಉಳೀತು? ದೊಡ್ಡೋರ ಜೋಡಿ ಜಗಳ ಬ್ಯಾಡ, ಸುಮ್ಮನಿರೂಣು."

ಗದಿಗೆಮ್ಮನ ಮೈ ಉರಿದುಹೋಯಿತು. "ಯಾಕ ಸುಮ್ಮನಿರಬೇಕು? ನಂಬಿ ಕೊಟ್ಟ ಫೋನಿನ್ಯಾಗ ಕಳವು ಮಾಡ್ಯಾನ! ಎಲುಬು ಮುರಕೊಂಡಾವ ಸುಳ್ಳ, ಮುರಿಸಿದಾವ ಖರೆ?"

ಮೈದುನನನ್ನು ಕರೆದುಕೊಂಡು ಅವಳು ನೇರ ಶೈಲಾಳ ಅಂಗಡಿಗೆ ನಡೆದಳು. ಬೀದರಿನ ಶೈಲಾ ಶೆಡ್ಡುಗಳ ಹತ್ತಿರವೇ ಮೊಬೈಲ್ ರೀಚಾರ್ಜ್ ಮಾಡುತ್ತಿದ್ದಳು.

"ಶೈಲಕ್ಕ, ಅಳಿಸಿದ ಹೆಸರು ವಾಪಸ್ ಬರತೈತೇನು?"

"ಹೆಸರು ಯಾಕ ಬೇಕು? ಹೆಸರಿನ ಪಟ್ಟಿ ಬ್ಯಾರೆ, ಬಂದ ಕರೆಗಳ ಪಟ್ಟಿ ಬ್ಯಾರೆ. ಅಲ್ಲಿ ಅಳಿಸಿದ್ರ ಇಲ್ಲಿ ನಂಬರ್ ಹೋಗಲ್ಲ. ಹೆಸರಿನ ಬದಲಿ ಬರೇ ಅಂಕಿ ಕಾಣಸ್ತಾವ, ಅಷ್ಟೇ. ನೋಡು."

ಭಾನುವಾರ ಬೆಳಿಗ್ಗೆ ಆರೂವರೆಗೆ ಬಂದ ಕರೆ. ಹೆಸರಿಲ್ಲದ ನಂಬರು.

"ಇದು ಅವಂದ ಅಂತ ಹೆಂಗ ಹೇಳೂದು?" ಹುಲಗೇಶ ಇನ್ನೂ ಅನುಮಾನಿಸಿದ.

ಶೈಲಾ ಅಂಗಡಿಯ ಫೋನಿನಿಂದ ಆ ನಂಬರಿಗೆ ಹಚ್ಚಿ ಸ್ಪೀಕರ್ ಒತ್ತಿದಳು.

"ಹಲೋ, ಸಂಗಣ್ಣ ಮೇಸ್ತ್ರಿ ಮಾತಾಡಾಕತ್ತೀನಿ. ಯಾರ್ರಿ?"

"ನಾನು, ಗದಿಗೆಮ್ಮ! ಹೆಸರ ಅಳಿಸಿದಿ, ನಿನ್ನ ನಂಬರ ಇಲ್ಲೇ ಕುಂತೈತಿ. ತಂಗಿ ಅಂತ ಕರದು ಕುತ್ತಿಗಿ ಕೊಯ್ಯಾಕ ನಾಚಿಕಿ ಬರಲಿಲ್ಲೇನು?"

ಆ ಕಡೆ ಫೋನು ಕಟ್ಟಾಯಿತು. ಹುಲಗೇಶನೇ ಚೀಟಿ, ಪೆನ್ನು ಎತ್ತಿ ಶೈಲಾಳ ಮುಂದಿಟ್ಟ.

ಶೈಲಾ ನಂಬರು, ತಾರೀಖು, ಹೊತ್ತು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟಳು. "ಈ ಫೋನು ಬಂದ್ ಮಾಡಿ ಇಡ್ರಿ. ಹೊಸ ಕರೆ ಬಂದಾಂಗ ಹಳೇವು ಪಟ್ಟಿಯಿಂದ ಹೋಗತಾವ. ಯಾರ ಕೈಗೂ ಕೊಡಬ್ಯಾಡ್ರಿ. ಒಂದ್ ವ್ಯಾಳೆ ಪಟ್ಟಿನೇ ಅಳಿಸಿದ್ರೂ ಹೆದರಬ್ಯಾಡ್ರಿ, ಫೋನ್ ಕಂಪನಿ ಹತ್ರ ಕರೆಗಳ ದಾಖಲೆ ಇರತದ. ಪೊಲೀಸರು ಅದನ್ನ ಕೇಳಿ ತರಸ್ತಾರ. ತಡ ಮಾಡದೆ ದೂರು ಕೊಡ್ರಿ."

ಗದಿಗೆಮ್ಮ ದೂರು ಕೊಟ್ಟಳು. ಪೊಲೀಸರು ಠಾಣೆಗೆ ಕರೆಸಿದಾಗ ಸಂಗಣ್ಣ ಮೊದಲು ತಾನು ಫೋನು ಮಾಡಿಯೇ ಇಲ್ಲವೆಂದ. ಕರೆಗಳ ಪಟ್ಟಿ ಮುಂದಿಟ್ಟಾಗ ತಲೆ ತಗ್ಗಿಸಿದ. ಕರೆಸಿದ್ದೂ ಹೆಸರು ಅಳಿಸಿದ್ದೂ ಮಾಲೀಕರ ಮಾತಿನಂತೆ ಎಂದು ಬಾಯಿಬಿಟ್ಟ. ಮೌನಪ್ಪನ ಆಪರೇಷನ್ನಿನ ಖರ್ಚಿನ ಹೊಣೆಯನ್ನು ಮಾಲೀಕರು ಹೊರಲೇಬೇಕಾಯಿತು. ಮೌನಪ್ಪ ಈಗ ಕೋಲೂರಿ ನಡೆಯುತ್ತಾನೆ. ಸುಮ್ಮನಿರೋಣ ಎಂದಿದ್ದ ಹುಲಗೇಶನೇ ಶೆಡ್ಡಿನವರನ್ನೆಲ್ಲ ಕೂರಿಸಿಕೊಂಡು ಕರೆಗಳ ಪಟ್ಟಿ ನೋಡುವುದನ್ನು ಕಲಿಸುತ್ತಾನೆ. ಕ್ಷಮೆ ಕೇಳಲು ಬಂದ ಸಂಗಣ್ಣನನ್ನು ಗದಿಗೆಮ್ಮ ಒಳಗೆ ಕರೆಯಲಿಲ್ಲ.

ದುಡಿಯುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿನಲ್ಲಿ ಬಂದ ಕರೆಗಳ ಪಟ್ಟಿ ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ. ಮುಖ್ಯವಾದ ನಂಬರನ್ನು ಬೇರೆ ಕಡೆ ಬರೆದಿಡಿ. ಹೆಸರು ಅಳಿಸಿದರೆಂದು ಎದೆಗುಂದಬೇಡಿ, ನಂಬರು ಹುಡುಕಿ. ಅನ್ಯಾಯ ಮಾಡಿದವನು ನಿಮ್ಮ ಮೌನವನ್ನೇ ನಂಬಿಕೊಂಡಿರುತ್ತಾನೆ. ಅದನ್ನು ಅವನಿಗೆ ಕೊಡಬೇಡಿ!