ಹಿಂಬದಿಯ ನೀರು

"ಹೆಂಡ್ತಿಗಿಂತ ಮುಂಚೆ ನಿನಗೇ ಹೆರಿಗೆ ನೋವು ಬಂದಂಗಿದೆಯಲ್ಲೋ ಕಾರ್ಮಕ್!"

ಹಾರ್ಕ್‌ನೆಸ್ ಹೀಗೆ ಕೂಗಿ ಹೇಳಿದ್ದು ಕಾರ್ಮಕ್‌ನ ಕಿವಿಗಲ್ಲ, ತನ್ನ ಪಡಖಾನೆಯಲ್ಲಿದ್ದ ಅಷ್ಟೂ ಜನರ ಕಿವಿಗೆ. ಬೆಂಕಿಯ ಸುತ್ತ ಕೂತಿದ್ದ ಬಂಡಿಯವರು, ಕುರಿಗಾಹಿಗಳು, ಕಮ್ಮಾರ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯ ಬೆಂಚಿನಲ್ಲಿ ತುಂಬು ಬಸುರಿ ಹೊನೋರಾ ತಲೆ ತಗ್ಗಿಸಿದಳು.

ಕಾರ್ಮಕ್ ಕೇಳಿದ್ದು ಇಷ್ಟೇ: ಬಿಡದ ಮಳೆಗೆ ಹೊಳೆ ಉಕ್ಕೀತು, ಕತ್ತಲಾಗುವ ಮುಂಚೆ ಹೆಂಡತಿ ಹೊನೋರಾಳನ್ನು ಗುಡ್ಡಕ್ಕೆ ಸಾಗಿಸಲು ಒಂದು ಎತ್ತಿನ ಬಂಡಿ.

ಊರಿಗೆ ಇನ್ನೂ ಹೆಸರೇ ಇರಲಿಲ್ಲ. ಉಣ್ಣೆಯ ಬಂಡಿಗಳು ನದಿ ದಾಟಲು ಕಾಯುತ್ತಿದ್ದ ಬಯಲು ಅದು. ಕಾಯುವವರಿಗೆ ಹೆಂಡ ಬೇಕಲ್ಲ, ಹಾರ್ಕ್‌ನೆಸ್ ಬಂದ. ಅಚ್ಚು ಮುರಿದರೆ ಸರಿಮಾಡಲು ಕಮ್ಮಾರ ಬಂದ. ಹಲಗೆ ಕೊಯ್ಯಲು ಐರ್ಲೆಂಡಿನಿಂದ ಕಾರ್ಮಕ್ ಬಂದ. ಕೊನೆಗೆ ಸಿಡ್ನಿಯಿಂದ ಸರ್ಕಾರದ ಅಳತೆಯವನೊಬ್ಬ ನಡುಬೇಸಿಗೆಯಲ್ಲಿ ಬಂದು, ಬಿಳಿ ಗೂಟ ಹೊಡೆದು, ಇದು ಬೀದಿ, ಇದು ಚರ್ಚು ಎಂದು ಗುರುತು ಮಾಡಿ ಹೋದ. ಅವನ ಬೂಟಿಗೆ ಧೂಳು ಮೆತ್ತಿತ್ತೇ ಹೊರತು ಕೆಸರಲ್ಲ. ಆ ಗೂಟಗಳನ್ನು ನಂಬಿ ಜನ ಇಲ್ಲಿ ಮಕ್ಕಳನ್ನು ಹೆತ್ತರು!

ಈ ನೆಲದ ಮೂಲದವರಾದ ವಿರಾಜುರಿ ಜನ ಅಂದು ಬೆಳಗ್ಗೆಯೇ ಮಕ್ಕಳು, ನಾಯಿಗಳ ಸಮೇತ ಗುಡ್ಡ ಹತ್ತಿದ್ದರು. ಅವರಲ್ಲೊಬ್ಬ ಮುದುಕಿ ಕಾರ್ಮಕ್ ದಿಮ್ಮಿ ಕೊಯ್ಯುವ ಗರಗಸದ ಗುಂಡಿಯ ಪಕ್ಕ ನಿಂತು ನೀಲಗಿರಿ ಮರದ ಕವಲಿನತ್ತ ಕೈ ತೋರಿಸಿದ್ದಳು. ಎರಡಾಳೆತ್ತರದಲ್ಲಿ ಒಣ ಜೊಂಡು ಸಿಕ್ಕಿಕೊಂಡಿತ್ತು. ಹಕ್ಕಿಗೂಡು ಅಂದುಕೊಂಡು ದಿನಾ ನೋಡುತ್ತಿದ್ದುದೇ. ಜೊಂಡು ಮರ ಹತ್ತುವುದಿಲ್ಲ, ನೀರು ಹತ್ತಿಸಬೇಕು ಎಂದು ಹೊಳೆದಾಗ ಅವನು ಗರಗಸ ಬಿಟ್ಟು ಬಂಡಿ ಕೇಳಲು ಹೊರಟಿದ್ದ.

"ಮುದುಕಿ ಬೆರಳು ತೋರಿಸಿದ್ಲಂತೆ, ಇವ್ನು ಪ್ಯಾಂಟು ಒದ್ದೆ ಮಾಡ್ಕೊಂಡ್ನಂತೆ," ಎಂದ ಹಾರ್ಕ್‌ನೆಸ್. "ನೀರು ಬಂದ್ರೆ ಮೇಲೆ ಅಟ್ಟ ಇಲ್ವೇನೋ? ನಮ್ಮ ದೇಶದಲ್ಲಿ ನಮ್ಮಪ್ಪ, ನಮ್ಮಜ್ಜ ಎಲ್ಲ ಅಟ್ಟದಲ್ಲಿ ಮಲಗಿ, ಬೆಳಗ್ಗೆ ಇಳಿದು ಕೆಸರು ಗುಡಿಸಿದೋರೇ. ಬಂಡಿ ಗಿಂಡಿ ಏನೂ ಇಲ್ಲ, ನಡಿ!"

ಸೂಲಗಿತ್ತಿ ಮಿಸೆಸ್ ಪೆಲ್ ಮಾತ್ರ ನಗಲಿಲ್ಲ. "ಈ ಮಳೇಲಿ ಗುಡ್ಡಕ್ಕೆ ಕರ್ಕೊಂಡು ಹೋದ್ರೆ ದಾರೀಲೇ ಹೆರ್ತಾಳೆ ಕಣಪ್ಪ. ಆಮೇಲೆ ಎರಡು ಜೀವ ನಿನ್ನ ಕೈಯಾರೆ ಹೋಗ್ತವೆ. ಅಟ್ಟ ಬೆಚ್ಚಗಿದೆ."

ಹಾರ್ಕ್‌ನೆಸ್‌ನ ಬೈಗುಳ ಸಹಿಸಬಹುದಿತ್ತು. ಈ ಒಳ್ಳೆಯ ಮಾತನ್ನು ತಳ್ಳಿಹಾಕುವುದು ಕಾರ್ಮಕ್‌ಗೆ ಕಷ್ಟವಾಯಿತು. ಹೋದರೆ ತಾನೇ ಕೊಂದಂತೆ; ಉಳಿದರೆ?

ಮುಂದಿನ ಜಗಲಿಯೆದುರು ನೀರಿನ ಮಟ್ಟ ನೋಡಲು ಒಂದು ಗೂಟ ನೆಟ್ಟಿದ್ದರು. "ಒಂದು ಗೇಣೂ ಏರಿಲ್ಲ!" ಎಂದು ಯಾರೋ ಕೂಗಿದರು. ಎಲ್ಲರ ಕಣ್ಣೂ ಮುಂದಿನ ಹೊಳೆಯ ಮೇಲೆ. ಕಾರ್ಮಕ್ ಹಿಂಬಾಗಿಲಿನಿಂದ ಹೊರಬಿದ್ದ.

ಪಡಖಾನೆಗೂ ಗುಡ್ಡಕ್ಕೂ ನಡುವೆ ಒಂದು ಒಣ ಹಳ್ಳವಿತ್ತು. ಅದರಲ್ಲಿ ಮೇಕೆ ಕಟ್ಟುತ್ತಿದ್ದರು. ಈಗ ಅಲ್ಲಿ ನೀರು. ಸದ್ದಿಲ್ಲ, ನೊರೆಯಿಲ್ಲ. ಹುಲ್ಲುಕಡ್ಡಿ, ಹಿಕ್ಕೆ ಎಲ್ಲ ಇಳಿಜಾರಿನಿಂದ ಮೇಲ್ಮುಖವಾಗಿ ತೇಲುತ್ತಿದ್ದವು. ನೀರು ಹಿಂದಕ್ಕೆ ಹರಿಯುತ್ತಿತ್ತು! ಹೊಳೆ ಮುಂಬಾಗಿಲಿಗೆ ಬರುವ ಗೋಜಿಗೇ ಹೋಗದೆ, ಊರನ್ನು ಸುತ್ತು ಹಾಕಿ ಬೆನ್ನ ಹಿಂದೆ ಬಂದು ನಿಂತಿತ್ತು. ಕಾಲಿಗೆ ನೆಲ ಸಿಗುವುದೋ ನೋಡಲು ಅವನು ಆಚೆ ದಡಕ್ಕೆ ಹೋಗಿ ಹಾಗೇ ತಿರುಗಿ ಬಂದ.

"ಹಿಂದಿನ ಹಳ್ಳ ತುಂಬ್ತಿದೆ," ಒಳಗೆ ಬಂದು ಹೇಳಿದ. "ಮೊಣಕಾಲುದ್ದ ಅಷ್ಟೇ. ಈಗ್ಲೇ ಎದ್ರೆ ಎಲ್ಲಾರೂ ದಾಟ್ಬೋದು. ಆಮೇಲೆ ನಮ್ಮದು ನಡುಗಡ್ಡೆ. ದಮ್ಮಯ್ಯ, ಏಳ್ರಪ್ಪಾ!"

ಕಮ್ಮಾರ ಅರ್ಧ ಎದ್ದ. ಹಾರ್ಕ್‌ನೆಸ್ ಅವನ ಲೋಟ ತುಂಬಿಸಿದ. ಕಮ್ಮಾರ ಕೂತ.

ಹೊನೋರಾ ಗಂಡನ ಮುಖ ನೋಡಲಿಲ್ಲ, ಪ್ಯಾಂಟು ನೋಡಿದಳು.

"ಮೊಣಕಾಲು ಅಂದೆ. ತೊಡೆವರೆಗೂ ಒದ್ದೆಯಾಗಿದೆಯಲ್ಲ?"

"ಹೋಗೋವಾಗ ಮೊಣಕಾಲು," ಎಂದ ಕಾರ್ಮಕ್ ಮೆಲ್ಲಗೆ. "ಬರೋವಾಗ ತೊಡೆ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದಳು. "ಬೇಡ ಕಣೇ ಹುಡುಗಿ," ಎಂದು ಮಿಸೆಸ್ ಪೆಲ್ ಸೆರಗಿನಂತೆ ಇಳಿಬಿದ್ದಿದ್ದ ಅವಳ ಶಾಲು ಹಿಡಿದಳು. ಹೊನೋರಾ ಶಾಲನ್ನು ಅವಳ ಕೈಯಲ್ಲೇ ಬಿಟ್ಟಳು.

"ಹೋಗ್ರೋ ಹೋಗಿ!" ಹಾರ್ಕ್‌ನೆಸ್ ಮೇಜು ಗುದ್ದಿದ. "ಥೂ, ಹೇಡಿ! ಬೆಳಗ್ಗೆ ಒದ್ದೆ ಬೆಕ್ಕಿನಂಗೆ ಬಂದು ಬಾಗಿಲು ತಟ್ತೀಯಲ್ಲ, ಆಗ ತೆಗೆಯೋರು ಯಾರೋ? ಹೇಳೋ, ಯಾರು ತೆಗೀತಾರೆ?"

ಮತ್ತೆ ನಗೆ ಎದ್ದಿತು. ಹಿತ್ತಲ ಕೊನೆಯ ಮೆಟ್ಟಿಲು ಆಗಲೇ ನೀರಿನಡಿ ಮುಳುಗಿತ್ತು. ಕಾರ್ಮಕ್ ಹೊನೋರಾಳ ತೋಳನ್ನು ತನ್ನ ಕತ್ತಿಗೆ ಬಳಸಿಕೊಂಡು, ನೀರಿಗಿಳಿದು ಗುಡ್ಡದತ್ತ ನಡೆದ.