ಕೆಂಚಿಯ ತೊಡೆಯ ಬರೆ

ನಾನು ಕುದುರೆಗಳ ತೊಡೆಗೆ ಬರೆ ಹಾಕುವ ಒಂದು ಕಬ್ಬಿಣ. ಒಂದು ತುದಿಯಲ್ಲಿ ಮರದ ಹಿಡಿ, ಇನ್ನೊಂದು ತುದಿಯಲ್ಲಿ ಅಂಗೈಯಗಲದ ಸರ್ಕಾರಿ ಗುರುತು. ಮೈಸೂರು ಸೀಮೆಯ ಕಮ್ಮಾರನೊಬ್ಬ ನನ್ನನ್ನು ಬಡಿದು ಬಡಿದು ಈ ರೂಪಕ್ಕೆ ತಂದ. ಗುದ್ದಲಿಯಾಗಿದ್ದರೆ ನಾಲ್ಕು ಜನಕ್ಕೆ ಅನ್ನ ಕೊಡುತ್ತಿದ್ದೆ. ನನ್ನ ಹಣೆಬರಹ, ರಾಜರ ಕುದುರೆ ದಂಡಿನ ಬಕ್ಷಿ ಕಚೇರಿಗೆ ಬಂದು ಬಿದ್ದೆ. ಸವಾರರಿಗೆ ಸಂಬಳ ಬಟವಾಡೆ ಮಾಡುವ ಜಾಗ ಅದು.

ಹೊಸ ಕುದುರೆ ಬಂದಾಗ ಕೆಂಡದಲ್ಲಿ ಕಾದು ಅದರ ತೊಡೆ ಸುಡುವುದು ನನ್ನ ಕೆಲಸ. ಇನ್ನೊಂದು ಕೆಲಸ ಅದಕ್ಕಿಂತ ಹೇಸಿಗೆಯದು. ಕೆಲವು ಸವಾರರು ಕುದುರೆಯನ್ನು ಸಂತೆಯಲ್ಲಿ ಮಾರಿ, ಸತ್ತೇ ಹೋಯಿತೆಂದು ಅತ್ತು, ಸರ್ಕಾರದಿಂದ ಇನ್ನೊಂದನ್ನು ಪಡೆಯುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಎಲ್ಲರಿಗೂ ಕಟ್ಟಳೆ ಬಂತು. ಕುದುರೆ ಸತ್ತರೆ ಬರೆ ಇರುವ ತೊಗಲನ್ನು ಕೊಯ್ದು ತರಬೇಕು. ತಂದರೆ ನನ್ನನ್ನು ಅದರ ಮೇಲಿಟ್ಟು ತಾಳೆ ನೋಡುತ್ತಿದ್ದರು. ತರದಿದ್ದರೆ ಬಾಕಿ ಸಂಬಳವೂ ಇಲ್ಲ, ನೌಕರಿಯೂ ಇಲ್ಲ. ಎಷ್ಟು ತೊಗಲು ಮುಟ್ಟಿದೆನೋ! ಈ ಜನ್ಮವೇ ಸಾಕಾಗಿ ಹೋಗಿತ್ತು.

ಒಂದು ದಿನ ಕಾಟನಾಯಕನೆಂಬ ಸವಾರ ಬರಿಯ ಲಗಾಮು ಹಿಡಿದು ಬಂದ. ರಜೆಯಲ್ಲಿ ಊರಿಗೆ ಹೋಗಿದ್ದಾಗ ಅವನ ಹೆಣ್ಣು ಕುದುರೆ ಕೆಂಚಿ ಹೊಟ್ಟೆಶೂಲೆಯಿಂದ ಸತ್ತಿತ್ತು.

"ತೊಗಲೆಲ್ಲಯ್ಯಾ?" ಎಂದರು ಬಕ್ಷಿ ತಿರುಮಲರಾಯರು.

"ಇಡಿಯಾಗೇ ಮಣ್ ಮಾಡ್ಬುಟ್ಟೆ ಬುದ್ಧಿ. ಮಗೀನಂಗೆ ಸಾಕಿದ್ದೆ. ಕುಯ್ಯಾಕೆ ಕೈ ಬರ್ನಿಲ್ಲ."

ದಂಡಿನಲ್ಲೇ ಕೂದಲು ನರೆಸಿಕೊಂಡವನು ಮಾಡುವ ತಪ್ಪೇ ಇದು? ರಾಯರಿಗೂ ಕನಿಕರವಾಯಿತು. ಆದರೆ ಕನಿಕರದಿಂದ ಖಜಾನೆಯ ಬೀಗ ತೆರೆಯುವುದಿಲ್ಲವಲ್ಲ.

"ನಿನ್ನನ್ನ ನಾನು ನಂಬ್ತೀನಪ್ಪ. ಮೇಲಿನವರು ನನ್ನನ್ನ ನಂಬಬೇಕಲ್ಲ? ಅಗೆದು ತಗೊಂಡು ಬಾ, ಹೋಗು."

ಕಾಟನಾಯಕ ಲಗಾಮನ್ನು ಹೆಗಲಿಗೆ ಹಾಕಿಕೊಂಡು ಹೋದ. ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಮನೆಯಲ್ಲಿ ಮಕ್ಕಳು ಗಂಜಿಗೂ ಗತಿಯಿಲ್ಲದೆ ಕೂತಿದ್ದರು.

ನಾಲ್ಕಾರು ದಿನ ಕಳೆದು ಒಳಗೆ ಬಂದವಳು ಅವನ ಹೆಂಡತಿ ಚೆನ್ನಾಜಿ. ನಾರುತ್ತಿದ್ದ ಗಂಟೊಂದನ್ನು ಜಗಲಿಯ ಮೇಲಿಟ್ಟಳು. ಗಂಡ ಬಾಗಿಲ ಹೊರಗೇ ಬೆನ್ನು ಹಾಕಿ ನಿಂತಿದ್ದ.

"ನಮ್ ಯಜಮಾನ್ರು ಮಣ್ ಅಗೆದ್ರು, ಆಮೇಲೆ ಚೂರಿ ಬಿಸಾಕಿ ಎದ್ದೋದ್ರು. ನಾನೇ ಕುಯ್ದೆ ಬುದ್ಧಿ. ಅವತ್ತಿಂದ ನನ್ ಕೂಟೆ ಮಾತಿಲ್ಲ. ಏನ್ ಮಾಡ್ಲಿ, ಮಕ್ಕಳ ಹೊಟ್ಟೆ ಕೇಳ್ಬೇಕಲ್ಲ?"

ನನ್ನನ್ನು ಆ ತೊಗಲ ಮೇಲಿಟ್ಟರು. ಗೆರೆಗೆ ಗೆರೆ ಕೂಡಿತು. ನನಗೆ ಅಳು ಬಂತು, ಕಬ್ಬಿಣಕ್ಕೆ ಕಣ್ಣೆಲ್ಲಿ! ರಾಯರು ಬಾಕಿಯನ್ನೆಲ್ಲ ಚುಕ್ತಾ ಮಾಡಿ, ಲಾಯದಿಂದ ಇನ್ನೊಂದು ಕುದುರೆಯನ್ನೂ ಕೊಡಿಸಿದರು.

ಮತ್ತೆ ನನ್ನನ್ನು ಕೆಂಡಕ್ಕಿಟ್ಟರು. ಕಾಟನಾಯಕ ಹೊಸ ಕುದುರೆಯ ಕತ್ತನ್ನು ತಬ್ಬಿ ಹಿಡಿದ. ಲಾಯದವನು ನನ್ನನ್ನು ಎತ್ತಿದಾಗ ಚೆನ್ನಾಜಿ ಅಡ್ಡ ಬಂದಳು.

"ಅಣ್ಣಾ, ವಸಿ ಚಿಕ್ಕದಾಗಿ ಆಕಣ್ಣ. ನಾಳೆ ಕುಯ್ಯೋಳು ನಾನೇ."

ಯಾರೂ ನಗಲಿಲ್ಲ. ಕಾಟನಾಯಕ ಮೊದಲ ಸಲ ತಿರುಗಿ ಹೆಂಡತಿಯ ಮುಖ ನೋಡಿದ. ಲಾಯದವನಾದರೂ ಏನು ಮಾಡಿಯಾನು? ನನ್ನನ್ನು ಒತ್ತಿದ. ನಾನು ಇದ್ದಷ್ಟೂ ಅಗಲಕ್ಕೆ ಬಿದ್ದೆ.

ದಂಡು ಮುರಿದು ಎಷ್ಟೋ ಕಾಲವಾಯಿತು. ಕೈಯಿಂದ ಕೈಗೆ ದಾಟಿ, ಈಗ ಹಳೇ ಕಬ್ಬಿಣದ ಅಂಗಡಿಯೊಂದರ ಮೂಲೆಯಲ್ಲಿದ್ದೇನೆ. ತುಕ್ಕು ನನ್ನನ್ನು ಸುತ್ತಲಿಂದಲೂ ತಿಂದು ಹಾಕಿದೆ. ಈಗ ಒತ್ತಿದರೆ, ಚೆನ್ನಾಜಿ, ನೀನು ಕೇಳಿದಷ್ಟು ಚಿಕ್ಕದಾಗಿಯೇ ಬೀಳುತ್ತೇನೆ.