ಮಗ್ಗದ ಶೆಡ್ಡಿನ ತುಟಿಮಾತು

ಗದ್ದಲ ಹೆಚ್ಚಾದರೆ ಲೋಕದ ಜನ ದನಿ ಏರಿಸುತ್ತಾರೆ. ನಾವು ಗಿರಣಿಯವರು ದನಿ ನುಂಗುತ್ತೇವೆ. ಶೆಡ್ಡಿನ ತುಂಬ ಮಗ್ಗಗಳು ಒಟ್ಟಿಗೆ ಬಡಿಯುವಾಗ ಕಿರುಚಿದರೂ ಪಕ್ಕದವನಿಗೆ ಕೇಳುವುದಿಲ್ಲ, ಗಂಟಲು ಹರಿದುಕೊಂಡದ್ದಷ್ಟೇ ಲಾಭ. ಹಾಗಾಗಿ ತುಟಿ ಅಗಲಿಸಿ, ಹುಬ್ಬು ಎತ್ತಿ, ಒಂದಿಷ್ಟೂ ಸದ್ದಿಲ್ಲದೆ ಮಾತಾಡುವುದು. ಹೊಸದಾಗಿ ಸೇರಿದವರು ನಮ್ಮನ್ನು ಹುಚ್ಚರನ್ನು ನೋಡಿದ ಹಾಗೆ ನೋಡುತ್ತಿದ್ದರು. ಕೆಲವು ವಾರ ಕಳೆದರೆ ಅವರೂ ಅದೇ ಹುಚ್ಚರು.

ನಾನು ಮಗ್ಗ ರಿಪೇರಿ ಮಾಡುವ ಫಿಟ್ಟರ್. ನನ್ನವಳು ಎದುರು ಸಾಲಿನಲ್ಲಿ, ಕಬ್ಬಿಣದ ಕಂಬದ ಪಕ್ಕ ನೇಯುತ್ತಿದ್ದಳು. ‘ನನ್ನ ಮದುವೆ ಆಗ್ತೀಯಾ?’ ಎಂದು ಕೇಳಿದ್ದು ಅಲ್ಲೇ, ಇಬ್ಬರ ನಡುವೆ ಓಡಾಡುವ ದಾರಿ ಬಿಟ್ಟುಕೊಂಡು. ನಮ್ಮ ಭಾಷೆಗೆ ಒಂದು ಕೆಟ್ಟ ಗುಣವಿದೆ, ಅದರಲ್ಲಿ ಪಿಸುಮಾತು ಎನ್ನುವುದಿಲ್ಲ. ಕಣ್ಣಿದ್ದವರೆಲ್ಲ ಓದಿಬಿಡುತ್ತಾರೆ. ಅವಳು ಉತ್ತರ ಕೊಡುವ ಮೊದಲೇ ಸಾಲಿಗೆ ಸಾಲೇ ನಗುತ್ತಿತ್ತು. ಮಗ್ಗಗಳಿಗೆ ನೂಲು ಸುತ್ತಿದ ಕಂಡಿಕೆ ಹಂಚುತ್ತಿದ್ದ ಹೆಂಗಸು, ನಮ್ಮೆಲ್ಲರ ಕಂಡಿಕೆ ಅಕ್ಕ, ತನ್ನ ಗಾಡಿ ನಿಲ್ಲಿಸಿ ‘ಬೇಗ ಹೂಂ ಅನ್ನಮ್ಮ, ನಂಗೆ ಕೆಲಸ ಇದೆ’ ಎಂದು ತುಟಿ ಆಡಿಸಿದಳು.

ಮನೆಯಲ್ಲೂ ಅದೇ ಅಭ್ಯಾಸ ಮುಂದುವರಿಯಿತು. ಮಗಳು ಹುಟ್ಟಿದ ಮೇಲಂತೂ ಅವಳಿಗೆ ತಿಳಿಯಬಾರದ್ದೆಲ್ಲ ತುಟಿಮಾತಿನಲ್ಲೇ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾವು ಒಂದು ಶಬ್ದ ಹೊರಡಿಸದೆ ಭರ್ಜರಿ ಜಗಳ ಆಡಿದ್ದೇವೆ. ಸೋಲುವ ಹಾಗಾದರೆ ಅವಳು ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದಳು. ಆಮೇಲೆ ನಾನು ಏನು ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ಗಿರಣಿ ಮುಚ್ಚಿತು. ಮಗ್ಗಗಳು ಗುಜರಿಗೆ ಹೋದವು. ಹೋದ ವರ್ಷ ಅವಳೂ ಹೋದಳು. ಈಗ ಮಗಳ ಮನೆಯಲ್ಲಿದ್ದೇನೆ. ಮಗಳು ಒಳ್ಳೆಯವಳು, ಅಳಿಯನೂ ಒಳ್ಳೆಯವನೇ. ಆದರೆ ನಾನು ಸುಮ್ಮನೆ ತುಟಿ ಆಡಿಸಿದರೆ ಸಾಕು, ಇಬ್ಬರೂ ಮುಖ ಮುಖ ನೋಡಿಕೊಂಡು ಡಾಕ್ಟರ ಮಾತೆತ್ತುತ್ತಾರೆ. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಖಾಲಿ ಗಿರಣಿಗೆ ಹೋಗಿ, ಮುರಿದ ಬಾಗಿಲ ಸಂದಿಯಿಂದ ಒಳಗೆ ನುಸುಳಿ, ನನ್ನ ಹಳೆಯ ಜಾಗದಲ್ಲಿ ನಿಲ್ಲುತ್ತಿದ್ದೆ. ಎದುರಿನ ಕಂಬದ ಕಡೆ ನೋಡುತ್ತ ಮನೆಯ ಸುದ್ದಿಯೆಲ್ಲ ಅವಳಿಗೆ ಹೇಳುತ್ತಿದ್ದೆ. ಹುಚ್ಚು ಅನ್ನಿ, ಬೇಕಾದರೆ. ಇಡೀ ದಿನದಲ್ಲಿ ನಾನು ಮಾತಾಡಿದೆ ಅನ್ನಿಸುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ಅಷ್ಟರಲ್ಲಿ ಹೊಸ ಮಾಲೀಕರು ಶೆಡ್ಡು ಕೆಡವಲು ಹೊರಟರು. ಪಾರಂಪರಿಕ ಕಟ್ಟಡಗಳ ಇಲಾಖೆಯ ಮೇಡಂ ಒಬ್ಬರು ಗಿರಣಿಯನ್ನು ಪಟ್ಟಿಗೆ ಸೇರಿಸಬೇಕೆಂದು ಓಡಾಡುತ್ತಿದ್ದರು. ಪಟ್ಟಿಗೆ ಸೇರಿದರೆ ಯಾರೂ ಒಂದು ಇಟ್ಟಿಗೆ ಮುಟ್ಟುವ ಹಾಗಿಲ್ಲವಂತೆ. ಗಿರಣಿಯ ಮುಂಭಾಗದ ಕಚೇರಿಗೂ ಚಿಮಣಿಗೂ ತೊಂದರೆ ಇರಲಿಲ್ಲ, ಅವು ನೋಡಲು ಚೆಂದ. ತಕರಾರು ಇದ್ದದ್ದು ನನ್ನ ಶೆಡ್ಡಿಗೆ. ಅಹವಾಲು ಕೇಳಲು ಪುರಸಭೆಯ ಹಾಲ್‌ನಲ್ಲಿ ಸಭೆ ಕರೆದರು. ಶೆಡ್ಡನ್ನು ಯಾರೂ ಮುಟ್ಟಬಾರದು ಎಂದು ಹೇಳಲು ನಾನೂ ಮಗಳ ಜೊತೆ ಹೋದೆ.

ಮಾಲೀಕರ ವಕೀಲರು ಮೊದಲು ಎದ್ದರು. “ಕಚೇರಿ ಉಳಿಸಿ, ಚಿಮಣಿ ಉಳಿಸಿ, ನಾವು ಬೇಡ ಅನ್ನಲ್ಲ. ಹಿಂದಿನದು ಬರೀ ತಗಡಿನ ಶೆಡ್ಡು. ಒಳಗೆ ಒಂದು ಮಗ್ಗನೂ ಇಲ್ಲ. ಏನನ್ನ ಕಾಪಾಡ್ತೀರಿ, ಗಾಳೀನಾ?”

ಕೆಲವರು ನಕ್ಕರು. ನನ್ನ ಮೈ ಉರಿದುಹೋಯಿತು. ಮೇಡಂ ನನ್ನ ಕಡೆ ತಿರುಗಿ, “ಹೇಳಿ ಯಜಮಾನ್ರೇ, ನೀವು ಅಲ್ಲೇ ಕೆಲಸ ಮಾಡಿದವರು” ಎಂದರು.

ಮೈಕಿನ ಮುಂದೆ ನಿಂತೆ. “ನಾನು ಈ ಗಿರಣಿ ಫಿಟ್ಟರ್” ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಯ ಹೊರಗೆ ಜನರೇಟರ್ ಹೊಡೆದುಕೊಳ್ಳತೊಡಗಿತು. ದೀಪ ಬಂತು, ಮೈಕೂ ಬಂತು. ನಾನು ಮಾತು ಮುಂದುವರಿಸಿದೆ. ವಿಚಿತ್ರವೆಂದರೆ, ಇದ್ದಕ್ಕಿದ್ದಂತೆ ನನ್ನ ಬಾಯಿಗೆ ಮಾತು ಸಲೀಸಾಗಿ ಬರತೊಡಗಿತು. ಎಂದೂ ಯಾರಿಗೂ ಹೇಳದ್ದೆಲ್ಲ ಹೇಳುತ್ತಾ ಹೋದೆ.

ಮೈಕಿನವನು ಓಡಿಬಂದು ಮೈಕಿನ ತಲೆ ತಟ್ಟಿದ. ಜನ ಕಿವಿಗೆ ಕೈ ಹಚ್ಚಿದರು. ಮುಂದಿನ ಸಾಲಿನಲ್ಲಿದ್ದ ಮಗಳು “ಅಪ್ಪಾ, ಜೋರಾಗಿ!” ಎಂದು ಕೈ ಆಡಿಸಿದಳು. ನನಗೆ ಒಂದೂ ಅರ್ಥವಾಗಲಿಲ್ಲ, ನಾನು ಹೇಳುತ್ತಲೇ ಇದ್ದೆ.

ಆಗ ಹಿಂದಿನ ಸಾಲಿನಿಂದ ಒಬ್ಬಳು ಮುದುಕಿ ಎದ್ದಳು. ಕಂಡಿಕೆ ಅಕ್ಕ. ಯಾವುದೋ ದೂರದ ಊರಲ್ಲಿ ಮಗನ ಮನೆ ಸೇರಿದ್ದವಳು, ಸುದ್ದಿ ಕೇಳಿ ಬಸ್ಸು ಹತ್ತಿ ಬಂದಿದ್ದಳು.

“ಮೈಕಿಗೆ ಏನೂ ಆಗಿಲ್ಲ ಬಿಡ್ರಪ್ಪ. ಜನರೇಟರ್ ಸದ್ದು ಬಂತಲ್ಲ, ಅವರು ದನಿ ನುಂಗಿದ್ದಾರೆ. ನಮ್ಮ ಅಭ್ಯಾಸ ಅದು. ಅವರು ಹೇಳ್ತಿರೋದನ್ನ ನಾನು ಹೇಳ್ತೀನಿ, ಕೇಳಿ” ಎಂದು ನನ್ನ ತುಟಿಯನ್ನೇ ನೋಡುತ್ತ ಓದತೊಡಗಿದಳು.

“ಆ ಕಂಬದ ಹತ್ರ ನನ್ನ ಹೆಂಡತಿ ನಿಂತಿರ್ತಿದ್ದಳು. ನಾನು ದಿನಾ ಅಲ್ಲಿಗೆ ಹೋಗಿ ಅವಳ ಜೊತೆ ಮಾತಾಡ್ತೀನಿ. ಮನೇಲಿ ಎಲ್ಲರೂ ಚೆನ್ನಾಗೇ ನೋಡ್ಕೋತಾರೆ. ಆದ್ರೆ ನನ್ನ ಭಾಷೆ ಬರೋರು ಅಲ್ಲಿ ಯಾರೂ ಇಲ್ಲ. ನಂಗೆ ತುಂಬಾ ಒಂಟಿ ಅನ್ಸುತ್ತೆ.”

ನನ್ನ ಮಾತು ಅವಳ ಒಡಕು ದನಿಯಲ್ಲಿ ಹಾಲ್ ತುಂಬ ಕೇಳಿದಾಗಲೇ ನನಗೆ ಏನಾಗಿದೆ ಎಂದು ತಿಳಿದದ್ದು. ಬಾಯಿ ಮುಚ್ಚಿದೆ. ಆದರೆ ಆಡಿದ ಮಾತು ಆಡಿಯಾಗಿತ್ತು. ಮಗಳು ತಲೆ ತಗ್ಗಿಸಿ ಕೂತಿದ್ದಳು. ಈ ಸಲ ಯಾರೂ ನಗಲಿಲ್ಲ, ವಕೀಲರೂ.

ಸಂಜೆ ಕಂಡಿಕೆ ಅಕ್ಕನನ್ನು ಬಸ್ಸು ಹತ್ತಿಸಿದೆವು. ಎಂಜಿನ್ ಗುಡುಗುತ್ತಿರುವಾಗ ಮುಚ್ಚಿದ ಕಿಟಕಿಯ ಆಚೆಯಿಂದ ಅವಳು ತುಟಿಯಲ್ಲೇ ‘ಇನ್ನು ನಾನು ಬರೋದು ಡೌಟು, ಹುಷಾರಾಗಿರಿ’ ಎಂದಳು. ಬಸ್ಸು ಹೊರಟಿತು. ಮನೆಯ ದಾರಿಯಲ್ಲಿ ಮಗಳು ಕೇಳಿದಳು.

“ನಂಗೂ ಕಲಿಸ್ಬೋದಿತ್ತಲ್ಲ ಅಪ್ಪ.”

“ನಿಂಗೆ ಗೊತ್ತಾಗ್ಬಾರ್ದು ಅಂತಾನೇ ಆಡ್ತಿದ್ವಲ್ಲೇ ಅದನ್ನ.”

ಅವಳು ಒಂದೆರಡು ಸಂಜೆ ಟಿವಿ ಜೋರು ಮಾಡಿಕೊಂಡು ಪ್ರಯತ್ನಪಟ್ಟಳು, ಪಾಪ. ನಾನು ನೀರು ಕೇಳಿದರೆ ಕನ್ನಡಕ ತಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳ ಕೆಲಸ ಅವಳಿಗೆ, ನನ್ನ ಕುರ್ಚಿ ನನಗೆ.

ಶೆಡ್ಡು ಪಟ್ಟಿಗೆ ಸೇರಿತು. ಹೇಳಲು ಮೇಡಂ ತಾವೇ ಮನೆಗೆ ಬಂದರು. ತಗಡು, ಕಂಬ, ನೆಲದ ಕಲ್ಲು, ಎಲ್ಲ ಇದ್ದ ಹಾಗೇ ಉಳಿಯುತ್ತದೆ ಎಂದರು. ನಾನು ಅವರ ಕೈ ಹಿಡಿದುಕೊಂಡುಬಿಟ್ಟೆ. ಮರುದಿನ ಹೋದರೆ ಮುರಿದ ಬಾಗಿಲಿನ ಜಾಗದಲ್ಲಿ ಹೊಸ ಬಾಗಿಲು, ಅದಕ್ಕೊಂದು ಬೀಗ, ಬೀಗಕ್ಕೊಬ್ಬ ಕಾವಲುಗಾರ.

“ರಿಪೇರಿ ಮುಗಿಯೋವರೆಗೂ ಯಾರನ್ನೂ ಒಳಗೆ ಬಿಡಂಗಿಲ್ಲ ತಾತ. ಇದು ಈಗ ಪಟ್ಟಿಗೆ ಸೇರಿದ ಕಟ್ಟಡ.”

“ಎಷ್ಟು ದಿನ ಆಗುತ್ತಪ್ಪ?”

“ದಿನಾನಾ? ವರ್ಷಗಟ್ಟಲೆ ಅಂತಿದ್ರು.”

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅವನ ಮೇಲೆ ರೇಗಿ ಏನು ಮಾಡುವುದು, ಅವನ ಕೆಲಸ ಅದು. ನಾನೇ ಕೇಳಿಕೊಂಡದ್ದೂ ಅದನ್ನೇ ಅಲ್ಲವೇ, ಯಾರೂ ಮುಟ್ಟಬಾರದು ಎಂದು. ಆ ಯಾರೂ ಅನ್ನುವುದರಲ್ಲಿ ನಾನೂ ಇದ್ದೇನೆ ಅನ್ನುವುದು ಹೊಳೆದಿರಲಿಲ್ಲ.

ಪಕ್ಕದ ಗೋಡೆಗೆ ಹೋದೆ. ಕಿಟಕಿಗೂ ಆಗಲೇ ಹೊಸ ಗಾಜು ಹಾಕಿದ್ದರು. ಒಳಗೆ ಮಬ್ಬಿನಲ್ಲಿ ಅವಳ ಕಂಬ ಕಾಣುತ್ತಿತ್ತು. ಗಾಜಿದ್ದರೇನಂತೆ, ನಮ್ಮ ಮಾತಿಗೆ ಗಾಜು ಅಡ್ಡ ಬರುವುದಿಲ್ಲ ಎಂದುಕೊಂಡೆ. ತುಟಿ ಅಗಲಿಸಿ, ‘ಶೆಡ್ಡು ಉಳೀತು ಕಣೇ’ ಎಂದೆ.

ಎದುರಿನಲ್ಲಿ ತುಟಿ ಆಡಿತು. ಗಾಜಿಗೆ ಇನ್ನೂ ಹತ್ತಿರ ಹೋದೆ.

ನನ್ನದೇ ತುಟಿ. ಗಾಜಿನಲ್ಲಿ ನನ್ನದೇ ಸುಕ್ಕು ಮುಖ, ಹುಬ್ಬು ಮೇಲೆತ್ತಿಕೊಂಡು, ಉತ್ತರಕ್ಕೆ ಕಾಯುತ್ತಿತ್ತು. ಅಷ್ಟು ವರ್ಷ ಅವಳು ಎದುರಿನಿಂದ ನೋಡುತ್ತಿದ್ದ ಮುಖ ಇದು. ನಾನು ನೋಡಿದ್ದು ಇದೇ ಮೊದಲು.

“ಯಾರ ಹತ್ರ ಮಾತಾಡ್ತಿದ್ದೀರಿ ತಾತ?” ಕಾವಲುಗಾರ ಹಿಂದೆ ಬಂದು ನಿಂತಿದ್ದ.

“ಯಾರೂ ಇಲ್ಲಪ್ಪ” ಎಂದೆ, ಗಟ್ಟಿಯಾಗಿ, ದನಿ ಬಿಟ್ಟು.